ಐಸ್‌ಲ್ಯಾಂಡಿನ ಕುರಿಯ ಬಲಗಿವಿ

ಜಮಖಂಡಿ, ಹೊರಡುವ ಮೊದಲು

ಐಸ್‌ಲ್ಯಾಂಡಿಗೆ ಹೋಗಿ ಬಂದಮೇಲೆ ಜಮಖಂಡಿಯಲ್ಲಿ ನನಗೆ ಎರಡು ಬಗೆಯ ಜನ ಸಿಗುತ್ತಾರೆ. ನಾನು ಹೇಳಿದ್ದನ್ನೆಲ್ಲ ನಂಬುವವರು ಮತ್ತು ನನ್ನನ್ನು ಮೊದಲಿನಿಂದ ಬಲ್ಲವರು. ಎರಡನೆಯವರೇ ಹೆಚ್ಚಾದ್ದರಿಂದ ಇದನ್ನು ಬರೆಯಬೇಕಾಯಿತು. ಬಾಯಲ್ಲಿ ಹೇಳಿದರೆ ಸುಳ್ಳು ಅನ್ನುತ್ತಾರೆ, ಅಚ್ಚಾದರೆ ಅದೇ ಮಾತು ಖರೆ ಆಗುತ್ತದೆ. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೂತು ನಾನು ಕಲಿತ ಮೊದಲ ಪಾಠ ಇದು.

ನನ್ನ ಹೆಸರು ಬೀರಪ್ಪ ಲಗಮಪ್ಪ ಕುರಿ. ಅಡ್ಡಹೆಸರೂ ಕುರಿ, ನಮ್ಮಪ್ಪನ ಕಸುಬೂ ಕುರಿ. ಬುದ್ಧಿ ಮಾತ್ರ ತೋಳನದು ಎಂದು ನನ್ನ ಹೆಂಡತಿ ಯಲ್ಲವ್ವ ಹೇಳುತ್ತಾಳೆ. ಅಪ್ಪ ಬೀರೇಶ್ವರನ ಭಂಡಾರದ ಅರಿಷಿಣ ಹಣೆಗೆ ಹಚ್ಚಿಕೊಂಡು ಹಿಂಡಿನ ಹಿಂದೆ ನಡೆದ. ನಾನು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ಹಿಂದೆ ನಡೆದೆ. ನನ್ನ ಕೆಲಸ ಕ್ಯಾಟಲಾಗಿಂಗ್. ಅಂದರೆ, ಹೊಸ ಪುಸ್ತಕ ಬಂದ ಕೂಡಲೇ ಅದು ಯಾರ ಹೆಸರಿನಲ್ಲಿ ಹುಡುಕಿದರೆ ಸಿಗಬೇಕು, ಯಾವ ವಿಷಯದಲ್ಲಿ ಹುಡುಕಿದರೆ ಸಿಗಬೇಕು, ಯಾವ ಕಪಾಟಿನಲ್ಲಿ ಕೂರಬೇಕು ಎಂಬುದನ್ನು ಅಂಗೈ ಅಗಲದ ಕಾರ್ಡಿನ ಮೇಲೆ ಬರೆದಿಡುವುದು. ಕೃಷ್ಣೆಯಿಂದ ಘಟಪ್ರಭೆಯವರೆಗೆ ನನ್ನಷ್ಟು ದುಂಡಗೆ ಬರೆಯುವ ಕ್ಯಾಟಲಾಗರ್ ಇನ್ನೊಬ್ಬ ಇರಲಿಲ್ಲ. ಇದ್ದರೂ ನನಗೆ ಗೊತ್ತಿಲ್ಲ.

ಈ ವಿದ್ಯೆಯನ್ನು ಈಗ ನನ್ನ ಮಗಳು ಶೋಭಾ ಅದೇ ಕಾಲೇಜಿನ ಗ್ರಂಥಾಲಯ ವಿಜ್ಞಾನದ ಪದವಿಯಲ್ಲಿ ಕಲಿಸುತ್ತಾಳೆ. ಅತಿಥಿ ಉಪನ್ಯಾಸಕಿ. ಅವಳ ಪಾಲಿಗಿರುವುದು ಕ್ಯಾಟಲಾಗಿಂಗ್ ಒಂದೇ ವಿಷಯ. ಆ ವಿಷಯ ಹೋದರೆ ಅವಳೂ ಮನೆಗೆ. ಕಳೆದ ಬೇಸಿಗೆಯಲ್ಲಿ ಪಠ್ಯಕ್ರಮ ಸಮಿತಿ ಅದನ್ನೇ ತೆಗೆಯಲು ಹೊರಟಿತು. ಸಮಿತಿಯ ಅಧ್ಯಕ್ಷರು ಪ್ರೊಫೆಸರ್ ಮೆಣಸಿನಕಾಯಿ. ಕನ್ನಡ ವಿಭಾಗದ ಹಿರಿಯರು, ಕವಿಗಳು, ಹೆಸರಿಗೆ ತಕ್ಕ ಸ್ವಭಾವದವರು.

"ಕಂಪ್ಯೂಟರ್ ಐತಲ್ಲವಾ," ಎಂದರಂತೆ ಅವರು ಶೋಭಾಗೆ. "ಹೆಸರ ಬಡದ್ರ ಪುಸ್ತಕ ಬರ್ತೈತಿ. ಅದಕ್ಕ ಎರಡ ಸೆಮಿಸ್ಟರ್ ಕಲಸೂದ ಏನೈತಿ?"

"ಆ ಕಂಪ್ಯೂಟರಿಗೆ ಹೆಸರ ಹಾಕಾವ್ರು ಬೇಕಲ್ರೀ ಸರ್?"

"ಹಂಗಾದ್ರ ಹೊಸಾ ಪಠ್ಯ ಬರಕೊಂಡ ಬಾ. ಅಕ್ಟೋಬರದಾಗ ಸಭಾ ಐತಿ. ಮನಸಿಗೆ ಬಂದ್ರ ಇಡೂಣು, ಇಲ್ಲಾಂದ್ರ ತಗಿಯೂಣು. ಆತಿಲ್ಲೋ?"

ಅವಳು ಎಂದೋ ಅರ್ಜಿ ಹಾಕಿ ಮರೆತಿದ್ದ ಐಸ್‌ಲ್ಯಾಂಡಿನಿಂದ ಆ ವಾರವೇ ಉತ್ತರ ಬಂತು. ಬೇರೆ ಬೇರೆ ದೇಶಗಳಲ್ಲಿ ಕ್ಯಾಟಲಾಗಿಂಗ್ ಕಲಿಸುವವರಿಗೆ ಸೆಪ್ಟೆಂಬರಿನಲ್ಲಿ ಎರಡು ವಾರದ ತರಬೇತಿ, ಬನ್ನಿ ಎಂದು. ಮನೆಯಲ್ಲಿ ಯಾರೂ ನನ್ನ ಹೆಸರೆತ್ತಿರಲಿಲ್ಲ. ಎತ್ತಿದವಳು ಯಲ್ಲವ್ವ.

"ಇವರ್ನೂ ಕರಕೊಂಡ ಹೋಗವಾ. ಹದಿನೈದ ದಿನಾ ಸಕ್ರಿ ಡಬ್ಬ್ಯಾಗ ಉಪ್ಪಿಲ್ಲ, ಸಕ್ರೀನ ಐತಿ ಅಂತ ನಂಬಿ ಚಾ ಮಾಡ್ಕೊಂತೇನಿ."

ಹೀಗೆ, ಮಗಳ ಸಹಾಯಕ್ಕೆಂದು ಊರಿಗೆಲ್ಲ ಹೇಳಿಕೊಂಡು, ಹೆಂಡತಿಯ ನೆಮ್ಮದಿಗಾಗಿ ನಾನು ವಿದೇಶ ಪ್ರವಾಸ ಮಾಡಿದೆ.

ರೇಕ್ಯಾವಿಕ್, ಮೊದಲ ದಿನ

ಆ ಊರಿನಲ್ಲಿ ಮೊದಲು ನನ್ನನ್ನು ಎದುರುಗೊಂಡದ್ದು ಒಂದು ವಾಸನೆ. ಅತಿಥಿಗೃಹದಲ್ಲಿ ಮುಖ ತೊಳೆಯಲು ನಲ್ಲಿ ತಿರುಗಿಸಿದರೆ ಬಿಸಿನೀರಿನ ಜೊತೆ ಕೆಟ್ಟ ಮೊಟ್ಟೆಯ ವಾಸನೆ.

"ಶೋಭಾ, ಯಾರೋ ನೀರಿನ ಟಾಕ್ಯಾಗ ಕೋಳಿ ಸಾಕ್ಯಾರ ನೋಡ."

"ಯಪ್ಪಾ, ಅದು ಭೂಮ್ಯಾಗಿಂದ ಬರೂ ಬಿಸಿನೀರು. ಗಂಧಕದ ವಾಸನಿ. ಹೊರಗ ಇಂಥಾವೆಲ್ಲಾ ಮಾತಾಡಬ್ಯಾಡ."

ಅಲ್ಲಿ ನೆಲವೇ ನೀರು ಕಾಯಿಸಿ ಮನೆ ಮನೆಗೆ ಕಳಿಸುತ್ತದೆ. ನಮ್ಮ ನೆಲವೂ ಏಪ್ರಿಲಿನಲ್ಲಿ ಕಾಯುತ್ತದೆ, ಆದರೆ ನಮ್ಮನ್ನೇ ಬೇಯಿಸುತ್ತದೆ. ನಮ್ಮ ಪಕ್ಕದ ನೇಕಾರರ ಊರು ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಖಟಾಖಟ್ ಕೇಳಿ ಬೆಳೆದ ಕಿವಿಗೆ ಆ ಊರಿನ ನಿಶ್ಶಬ್ದ ಒಂದು ರೋಗದ ಹಾಗೆ ಕಂಡಿತು. ಹೋಟೆಲ್ ಮುಂದೆ ತಳ್ಳುಗಾಡಿಯಲ್ಲಿ ಕೂಸನ್ನು ಮಲಗಿಸಿ ತಾಯಂದಿರು ಒಳಗೆ ಕಾಫಿ ಕುಡಿಯುತ್ತಾರೆ. ಆ ಥಂಡಿ ಗಾಳಿಯಲ್ಲಿ! ಕೂಸುಗಳಿಗೆ ಅದರಿಂದ ಒಳ್ಳೆಯ ನಿದ್ದೆಯಂತೆ. ಒಂದು ಗಾಡಿಯ ಪಕ್ಕ ನಾನು ಕಾವಲು ನಿಂತೆ. ಸ್ವಲ್ಪ ಹೊತ್ತಿಗೆ ತಾಯಿ ಹೊರಗೆ ಬಂದು ನನ್ನನ್ನೇ ಅನುಮಾನದಿಂದ ನೋಡಿದಳು. ಒಂದು ವಿಷಯದಲ್ಲಿ ಮಾತ್ರ ಅವರು ನಮ್ಮ ಬೀಗರು: ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ.

ತರಬೇತಿ ನಡೆಸುವ ಮೇಡಂ ಹೆಸರು ಸಿಗ್ರುನ್. ಐವತ್ತು ದಾಟಿದ, ಬಾಗಿಲಷ್ಟು ಎತ್ತರದ ಹೆಂಗಸು. ನನ್ನನ್ನು ಕಂಡ ಕೂಡಲೇ ಕೈ ಚಾಚಿ, "ಬೀರಪ್ಪಾ!" ಎಂದು ಕೂಗಿದರು. ನನಗೆ ಜೀವ ಜುಮ್ಮೆಂದಿತು. 'ರಿ' ಇಲ್ಲ, 'ಅವರೇ' ಇಲ್ಲ. ಹಾಗೆ ಬರೇ ಹೆಸರು ಹಿಡಿದು ಕರೆಯುತ್ತಿದ್ದವಳು ನಮ್ಮವ್ವ ಒಬ್ಬಳೇ, ಅವಳು ಹೋಗಿ ಬಹಳ ದಿನ ಆಯಿತು.

ಅವರೆಲ್ಲ ಆಡಿದ್ದು ಇಂಗ್ಲಿಷ್. ಅದನ್ನು ನಮ್ಮ ಭಾಷೆಗೆ ಹೊಲಿದವನು ನಾನು. ಹೊಲಿಗೆ ದಪ್ಪ ಇದ್ದರೆ ಬೈಯಬೇಡಿ.

"ಇಲ್ಲಿ ಎಲ್ಲಾರ್ನೂ ಹೆಸರಿಲೇನ ಕರೀತೇವಿ," ಎಂದರು ಸಿಗ್ರುನ್. "ದೇಶದ ಅಧ್ಯಕ್ಷರಿದ್ರೂ ಅಷ್ಟ. ನಿಮ್ಮ ಹೆಸರಿನ ಕೊನಿಗೆ ಇರೂ ಕುರಿ ಅಂದ್ರ ಏನು?"

"ಕುರಿ ಅಂದ್ರ ಕುರೀನ ಮೇಡಂ. ನಾಕ ಕಾಲು, ಉಣ್ಣಿ, ಬ್ಯಾ ಬ್ಯಾ."

ಸಿಗ್ರುನ್ ಎರಡೂ ಕೈ ಮೇಲೆತ್ತಿ ನಕ್ಕರು. ಜನಕ್ಕಿಂತ ಕುರಿ ಹೆಚ್ಚಿರುವ ದೇಶವಂತೆ ಅದು. ನನಗೆ ಬಹುಮತವಿದ್ದ ಊರು ಸಿಕ್ಕಿತ್ತು.

ಮೂರನೆಯ ದಿನ, ತರಗತಿ

ಶೋಭಾ ತರಗತಿಯಲ್ಲಿ, ನಾನು ಹಿಂದಿನ ಬೆಂಚಿನಲ್ಲಿ. ಆ ದಿನ ಎಲ್ಲರಿಗೂ ಒಂದೊಂದು ಐಸ್‌ಲ್ಯಾಂಡಿನ ಪುಸ್ತಕ ಕೊಟ್ಟು, ಲೇಖಕರನ್ನು ಯಾವ ಹೆಸರಿನಿಂದ ದಾಖಲಿಸುತ್ತೀರಿ ಬರೆಯಿರಿ ಎಂದರು. ಶೋಭಾಗೆ ಬಂದದ್ದು ಹೆಲ್ಗಾ ಯೋನ್ಸ್‌ದೋತ್ತಿರ್ ಎಂಬಾಕೆಯ ಅಡುಗೆ ಪುಸ್ತಕ. ನಮ್ಮ ಹುಡುಗಿ ಚಕ್ಕನೆ ಬರೆದಳು: 'ಯೋನ್ಸ್‌ದೋತ್ತಿರ್, ಹೆಲ್ಗಾ'. ಕೊನೆಯ ಹೆಸರು ಮೊದಲು. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ಸಾಲಾಗಿ ನಿಲ್ಲುತ್ತವೆ. ಕೊನೆಯಲ್ಲಿ ನಿಂತದ್ದು ಮನೆತನದ ಹೆಸರು, ಅದನ್ನೇ ಮುಂದೆ ತರಬೇಕು. ಅವಳಿಗೆ ಇದನ್ನು ಎಂಟನೇ ವಯಸ್ಸಿಗೇ ಕಲಿಸಿದವನು ನಾನು. ಮೂವತ್ತು ವರ್ಷ ನಾನು ಬರೆದದ್ದೂ ಹಾಗೆಯೇ.

ಸಿಗ್ರುನ್ ಕಾರ್ಡು ನೋಡಿ ಮೆಲ್ಲಗೆ ಹೇಳಿದರು: "ಶೋಭಾ, ಇದು ಮನೆತನದ ಹೆಸರಲ್ಲ. ಯೋನನ ಮಗಳು ಅಂತ, ಅಷ್ಟ. ನಮ್ಮಲ್ಲಿ ಮನೆತನದ ಹೆಸರ ಬಾಳ ಮಂದಿಗೆ ಇಲ್ಲ. ನೀ ಹಿಂಗ ಬರದ್ರ ದೇಶದಾಗ ಇರೂ ಎಲ್ಲಾ ಯೋನಂದಿರ ಎಲ್ಲಾ ಹೆಣ್ಣಮಕ್ಕಳು ಒಂದ ಕಡಿ ಬಂದ ಕುಂದರ್ತಾರ. ಹೆಲ್ಗಾ ಎಲ್ಲಿ ಸಿಗಬೇಕು?"

ಆಮೇಲೆ ಒಂದು ಹಳೆಯ ಟೆಲಿಫೋನ್ ಡೈರೆಕ್ಟರಿ ತೋರಿಸಿದರು. ಅದು ನಿಜಕ್ಕೂ ಬರೇ ಹೆಸರಿನ ಅಕ್ಷರಕ್ರಮದಲ್ಲಿತ್ತು. ಒಂದೇ ಹೆಸರಿನವರು ಹತ್ತಾರು ಇದ್ದರೆ ಪಕ್ಕದಲ್ಲಿ ಕಸುಬು: ಬಡಿಗ, ಮಾಸ್ತರ, ಮೀನುಗಾರ.

ಸಂಜೆ ಶೋಭಾ ಅಡುಗೆಮನೆಯ ಮೇಜಿಗೆ ಗದ್ದವೂರಿ ಕೂತಿದ್ದಳು.

"ಯಪ್ಪಾ, ನಾ ಕಲಸೂದ ತಪ್ಪಿದ್ರ? ಮೆಣಸಿನಕಾಯಿ ಸರ್ ಹೇಳಿದ್ದ ಖರೆ ಇದ್ರ? ನಿಯಮ ಬಾಯಿಪಾಠ ಮಾಡಸೂದು ಒಂದ ಇದ್ರ, ಅದನ್ನ ಯಂತ್ರಾನೂ ಮಾಡ್ತೈತಿ."

ಇಂಥ ಹೊತ್ತಿನಲ್ಲಿ ಒಳ್ಳೆಯ ಅಪ್ಪಂದಿರು ಏನೋ ಹೇಳುತ್ತಾರೆ. ನನಗೆ ಹೊಳೆದದ್ದು ಬೇರೆ. ಆ ಅಡುಗೆಮನೆ ತರಬೇತಿಗೆ ಬಂದವರಿಗೆಲ್ಲ ಒಂದೇ. ಫ್ರಿಜ್ಜಿನ ಡಬ್ಬಗಳಿಗೆ ನಾನು, ಪುಸ್ತಕದ ವಿಷಯ ಸೂಚಿಸುವ ಗ್ರಂಥಾಲಯದ ವರ್ಗಸಂಖ್ಯೆಯ ಚೀಟಿ ಅಂಟಿಸಿದೆ. ಅವರ ಗಟ್ಟಿ ಮೊಸರಿಗೆ ಹೈನದ ಸಂಖ್ಯೆ, ಯಾರದೋ ಒಣಮೀನಿಗೆ ಸಮುದ್ರಯಾನದ ಸಂಖ್ಯೆ. ಸಿಗ್ರುನ್ ತಂದಿಟ್ಟ ಕಾಫಿಪುಡಿ ಕಾಡಿಗೆಯಂತೆ ಕಪ್ಪಗೆ, ಬೇವಿನಂತೆ ಕಹಿ. ಅದಕ್ಕೆ ಭೂತಪ್ರೇತ, ಮಾಟಮಂತ್ರದ ಸಂಖ್ಯೆ.

ಮರುದಿನ ಸಿಗ್ರುನ್ ಡಬ್ಬ ಹಿಡಿದೇ ತರಗತಿಗೆ ಬಂದರು. "ಇದನ್ನ ಯಾರ ಹಚ್ಚಿದ್ದು?"

ನಾನು ಕಿಟಕಿಯಾಚೆ ಮೋಡಗಳನ್ನು ಬಹಳ ಶ್ರದ್ಧೆಯಿಂದ ನೋಡಿದೆ. ಆದರೆ ಆಕೆ ಬೈಯಲಿಲ್ಲ. "ತಪ್ಪಂತೂ ಖರೆ. ಹಂಗಾದ್ರ ಕಾಫಿ ಎಲ್ಲಿ ಕುಂದರಬೇಕು ಹೇಳ್ರಿ," ಎಂದರು. ಬೆಳೆಯಲ್ಲಿ ಎಂದರೊಬ್ಬರು, ಪಾನೀಯದಲ್ಲಿ ಎಂದರೊಬ್ಬರು, ವ್ಯಾಪಾರದಲ್ಲಿ ಎಂದರೊಬ್ಬರು. ತರಗತಿ ಸಂತೆಯಾಯಿತು. ಆಗ ಶೋಭಾ ಎದ್ದು, "ಕೇಳಾಕ ಬಂದವ್ರು ಯಾರು? ರೈತನೋ, ಹೋಟೆಲ್ನವನೋ?" ಎಂದಳು. ಸಿಗ್ರುನ್ ಆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಸುತ್ತ ಗೆರೆ ಎಳೆದರು. ನನ್ನ ಚೀಟಿಯಿಂದಲೇ ಅಂದಿನ ಪಾಠ ಹುಟ್ಟಿತು ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಶೋಭಾ ಒಪ್ಪುವುದಿಲ್ಲ.

ಆರನೆಯ ದಿನ, ಈಜುಕೊಳ

ಇದನ್ನು ಹೆಂಗಸರು ಓದದೆ ಮುಂದಕ್ಕೆ ದಾಟಬಹುದು. ದಾಟುವುದಿಲ್ಲ ಎಂದು ಗೊತ್ತು.

ಅಲ್ಲಿ ಬಯಲಿನಲ್ಲೇ ಬಿಸಿನೀರಿನ ಕೊಳಗಳಿವೆ. ಮಳೆ ಬರಲಿ, ಗಾಳಿ ಬೀಸಲಿ, ಜನ ಕುತ್ತಿಗೆಯವರೆಗೆ ಮುಳುಗಿ ಹರಟೆ ಹೊಡೆಯುತ್ತಾರೆ. ನಮ್ಮ ಹನುಮಪ್ಪನ ಕಟ್ಟೆಯನ್ನು ನೀರಲ್ಲಿ ಇಳಿಸಿದ ಹಾಗೆ. ಒಂದೇ ಷರತ್ತು: ಇಳಿಯುವ ಮೊದಲು ಮೈಮೇಲೆ ನೂಲೂ ಇಲ್ಲದೆ ಸಾಬೂನು ಹಚ್ಚಿ ತೊಳೆದುಕೊಳ್ಳಬೇಕು. ಗೋಡೆಯ ಮೇಲೆ ಮನುಷ್ಯನ ಚಿತ್ರ ಬರೆದು, ತೊಳೆಯಲೇಬೇಕಾದ ಜಾಗಗಳಿಗೆ ಕೆಂಪು ಬಣ್ಣ ಹಚ್ಚಿದ್ದಾರೆ. ನಾನು ಪಟ್ಟಾಪಟ್ಟಿ ಚಡ್ಡಿ ಬಿಡದೆ ನೀರು ಹಾಕಿಕೊಂಡೆ. ಕಾವಲಿನ ಮುದುಕ ಬಂದು ಚಿತ್ರ ತೋರಿಸಿದ, ನಂತರ ನನ್ನ ಚಡ್ಡಿ ತೋರಿಸಿದ, ನಂತರ ಮತ್ತೆ ಚಿತ್ರ ತೋರಿಸಿದ. ಒಂದು ಮಾತೂ ಆಡಲಿಲ್ಲ. ಇಷ್ಟು ಚೆನ್ನಾಗಿ ಕಲಿಸುವ ಮಾಸ್ತರನನ್ನು ನಾನು ಕಂಡಿಲ್ಲ.

ಕೊಳದೊಳಗೆ ಕೆಂಪು ಗಡ್ಡದವನೊಬ್ಬ ಜೊತೆಯಾದ. ಅವರ ಕುರಿನಾಯಿಯ ಬಾಲ ಚಕ್ಕುಲಿಯ ಹಾಗೆ ಸುತ್ತಿರುತ್ತದೆ ಎಂದು ಹೊಗಳಿಕೊಂಡ. ನಾನು ಬಿಟ್ಟೇನೆಯೇ? "ನಮ್ಮ ಮುಧೋಳ ಕಡೆ ತಿಮ್ಮಾಪುರದಾಗ ನಾಯಿ ಅದಾವ. ಅವು ಓಡಿದ್ರ ಮೊದಲ ನಾಯಿ ಮುಟ್ಟತೈತಿ, ಎರಡ ನಿಮಿಷ ಆದಮ್ಯಾಲ ಅದರ ನೆಳ್ಳು ಮುಟ್ಟತೈತಿ."

ಆತ ಗಂಭೀರವಾಗಿ ಯೋಚಿಸಿದ. "ಮತ್ತ ನಾಯಿ ನಿಂತ ಮ್ಯಾಲ, ನೆಳ್ಳಿಗೆ ಅದರ ವಾಸನಿ ಸಿಗತೈತೇನು, ಹಾದಿ ತಪ್ಪೂದಿಲ್ಲಾ?"

ಎಪ್ಪತ್ತೊಂದು ವರ್ಷದಲ್ಲಿ ನನ್ನ ಸುಳ್ಳಿಗೆ ಇಷ್ಟು ಮರ್ಯಾದೆ ಕೊಟ್ಟು ಮೇಲೆ ಕಟ್ಟಿದವನು ಅವನೊಬ್ಬನೇ. ಸೋತೆ ಎಂದು ನೀರಲ್ಲಿ ಮುಳುಗಿದೆ.

ಒಂಬತ್ತನೆಯ ದಿನ, ಕುರಿದೊಡ್ಡಿ

ಬೇಸಿಗೆಯಲ್ಲಿ ಆ ದೇಶದ ರೈತರು ಕುರಿಗಳನ್ನು ಗುಡ್ಡಕ್ಕೆ ಬಿಟ್ಟುಬಿಡುತ್ತಾರೆ. ಕಾಯುವವರಿಲ್ಲ, ತೋಳಗಳೂ ಇಲ್ಲ. ಸೆಪ್ಟೆಂಬರ್ ಬಂದಾಗ ಎಲ್ಲ ರೈತರೂ ಕುದುರೆಯ ಮೇಲೆ ಹೋಗಿ ಸಾವಿರಾರು ಕುರಿಗಳನ್ನು ಕೂಡಿಸಿ ಒಂದೇ ದೊಡ್ಡಿಗೆ ಇಳಿಸುತ್ತಾರೆ. ದೊಡ್ಡಿ ದುಂಡಗೆ, ಬಂಡಿಯ ಗಾಲಿಯ ಹಾಗೆ. ನಡುವೆ ಎಲ್ಲರ ಕುರಿ ಕಲಸಿ ನಿಲ್ಲುವ ಅಂಗಳ, ಸುತ್ತ ಗಾಲಿಯ ಕಡ್ಡಿಗಳ ನಡುವಿನ ಜಾಗದಂತೆ ಒಂದೊಂದು ಮನೆಗೆ ಒಂದೊಂದು ಕೋಣೆ. ಇದನ್ನು ರೈತರೇ ಕೂಡಿ ಕಟ್ಟಿದ್ದು, ಸರಕಾರದ ದಾರಿ ಕಾಯಲಿಲ್ಲ ಎಂದರು ಸಿಗ್ರುನ್. ಕೃಷ್ಣೆಗೆ ನಮ್ಮ ರೈತರೇ ಕಟ್ಟಿದ ಚಿಕ್ಕಪಡಸಲಗಿಯ ಒಡ್ಡು ನನಗೆ ನೆನಪಾಯಿತು. "ಇವತ್ತ ತರಗತಿ ಇಲ್ಲೇ," ಎಂದೂ ಹೇಳಿದರು. "ಕಲಸಿದ್ದನ್ನ ಬಿಡಿಸಿ ಅವರವರ ಮನಿಗೆ ಮುಟ್ಟಸೂದು. ಕ್ಯಾಟಲಾಗಿಂಗ್ ಅಂದ್ರ ಇಷ್ಟ."

ಯಾವ ಕುರಿ ಯಾರದು? ಕಿವಿ ನೋಡಿ. ಪ್ರತಿ ಮನೆತನಕ್ಕೂ ಕಿವಿಯಲ್ಲಿ ಕತ್ತರಿಸಿದ ಒಂದು ಗುರುತು, ಆ ಗುರುತುಗಳಿಗೆಲ್ಲ ಅಚ್ಚಾದ ಒಂದು ಪುಸ್ತಕ. ನಾನು ಪುಸ್ತಕ ತಿರುವಿದೆ. ಮಾಲಿಕರ ಹೆಸರಿನ ಕ್ರಮದಲ್ಲಿ ಇರಲೇ ಇಲ್ಲ! ಕಿವಿಯ ಗುರುತಿನ ಕ್ರಮದಲ್ಲಿತ್ತು. ಮೊದಲು ಬಲಗಿವಿ, ಅದಾದಮೇಲೆ ಎಡಗಿವಿ.

"ಯಾಕಂದ್ರ ಕುರಿ ಹಿಡದಾವನ ಕೈಯಾಗ ಇರೂದು ಕಿವಿ," ಎಂದಳು ಶೋಭಾ ತನಗೆ ತಾನೇ ಎಂಬಂತೆ. "ಮಾಲಕನ ಹೆಸರಲ್ಲ. ಹೆಸರ ಗೊತ್ತಿದ್ರ ಅಂವ ಪುಸ್ತಕ ಯಾಕ ತಗೀತಾನ?" ಚೀಲದಿಂದ ನೋಟುಬುಕ್ಕು ತೆಗೆದು ನಿಂತಲ್ಲೇ ಬರೆಯತೊಡಗಿದಳು.

ಅಲ್ಲಿ ಸಿಗ್ರುನ್ ಅವರ ಚಿಕ್ಕಮ್ಮ ಇದ್ದಳು. ನನ್ನ ವಾರಿಗೆಯ ರೈತ ಹೆಂಗಸು, ಹೆಸರು ಹಲ್ಲಾ. ಹೆಸರು ಹಲ್ಲಾ ಆದರೂ ಆಕೆ ಗುಲ್ಲಾ ಮಾಡುವವಳಲ್ಲ, ಗಂಟೆಗೊಂದು ಮಾತು. ನಾನು ಹೊದ್ದಿದ್ದ ಕರಿಕಂಬಳಿಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು, ಮೂಸಿದಳು, ತಲೆಯಾಡಿಸಿದಳು. ನಾನು ಆಕೆಯ ಉಣ್ಣೆಯ ಅಂಗಿಯ ತೋಳನ್ನು ತಿಕ್ಕಿ ನೋಡಿ ತಲೆಯಾಡಿಸಿದೆ. ಇಬ್ಬರೂ ಕುಲಸ್ಥರು ಎಂದು ಗೊತ್ತಾಯಿತು. ಭಾಷೆ ಬೇಕಾಗಲಿಲ್ಲ.

ಅಲ್ಲಿಗೇ ಸುಮ್ಮನಿದ್ದರೆ ಆಗಿತ್ತು. ನಾನು ಸಿಗ್ರುನ್‌ಗೆ ಹೇಳಿದೆ: "ಮೇಡಂ, ನಾವು ಹುಟ್ಟಾ ಕುರುಬರು. ನಮ್ಮಪ್ಪ ಕತ್ತಲಾಗ ಕುರಿ ಕಿವಿ ಮುಟ್ಟಿ ಅದರ ಅಜ್ಜನ ಹೆಸರ ಹೇಳತಿದ್ದ. ಹಲ್ಲಾ ಅವರ ಕುರಿ ಇವತ್ತ ನಾ ಆರಸ್ತೇನಿ."

ಹಲ್ಲಾಳ ಗುರುತು: ಬಲಗಿವಿಯ ತುದಿ ಕತ್ತರಿಸಿದ್ದು, ಎಡಗಿವಿಯಲ್ಲಿ ಒಂದು ಕಚ್ಚು. ಕಂಬಳಿ ಸೊಂಟಕ್ಕೆ ಸುತ್ತಿ ಇಳಿದೆ. ಒಂದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಗದ್ದ ಹಿಡಿದು, ಮುಖಕ್ಕೆ ಮುಖ ಕೊಟ್ಟು ಕಿವಿ ಓದಿದೆ. ಎಳೆದುಕೊಂಡು ಹೋಗಿ ಕೋಣೆಗೆ ತಳ್ಳಿದೆ. ಹೀಗೆ ಹನ್ನೊಂದು ಕುರಿ. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಬೀರದೇವರಾಣೆ, ಆ ಕ್ಷಣ ನನ್ನ ಎದೆ ಈಜುಕೊಳದಷ್ಟು ಅಗಲ ಇತ್ತು.

ಆಗ ಹಲ್ಲಾ ಬಂದು ಕೋಣೆಗೆ ಬಗ್ಗಿ ನೋಡಿ, ಆ ಗಂಟೆಯ ಒಂದು ಮಾತು ಆಡಿದಳು. ಸಿಗ್ರುನ್ ನಗು ತಡೆದುಕೊಂಡು ಅದನ್ನು ಹೇಳಿದರು: "ಇವೆಲ್ಲಾ ಬಾಜೂ ಮನಿಯವರ ಕುರಿ ಅಂತ."

ಬಾಜೂ ಮನೆಯವರ ಗುರುತು ಹಲ್ಲಾಳದರ ಉಲ್ಟಾ: ಎಡಗಿವಿ ತುದಿ ಕತ್ತರಿಸಿದ್ದು, ಬಲಗಿವಿಯಲ್ಲಿ ಕಚ್ಚು.

"ಸಾಧ್ಯಾನ ಇಲ್ಲ," ಎಂದೆ ನಾನು. "ನೋಡ್ರಿ, ಬಲಗಿವಿ ತುದಿ ಇಲ್ಲ!" ಎಂದು ಕುರಿಯ ಎದುರು ಕೂತು ನನ್ನ ಬಲಗೈ ಕಡೆಯ ಕಿವಿ ತೋರಿಸಿದೆ.

ಹಲ್ಲಾ ಆ ಕುರಿಯ ಬೆನ್ನಿನ ಆಚೀಚೆ ಕಾಲಿಟ್ಟು, ಹಿಂದಿನಿಂದ ಕೊಂಬು ಹಿಡಿದು ನಿಂತಳು. ಅವರು ಕುರಿ ಹಿಡಿಯುವುದೇ ಹಾಗೆ, ಸವಾರಿ ಮಾಡಿದಂತೆ. ಅಲ್ಲಿಂದ ಅವಳ ಬಲ, ಕುರಿಯ ಬಲ ಎರಡೂ ಒಂದೇ. ನಮ್ಮಪ್ಪ ಕುರಿಯ ಎದುರು ಕೂತು ಓದುತ್ತಿದ್ದ. ನನಗೆ ಬಲ ಅಂದರೆ ನನ್ನ ಬಲ, ಕುರಿಯದ್ದಲ್ಲ.

ಶೋಭಾ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ನಗು ತಟ್ಟನೆ ನಿಂತಿತು. "ಯಪ್ಪಾ, ನೀ ನಿಯಮ ತಪ್ಪಿಲ್ಲ. ಗುರುತೂ ಬರೋಬರಿ ಓದೀದಿ. ಆದ್ರ ಯಾರ ಕಡಿಯಿಂದ ನೋಡಬೇಕು ಅಂತ ಒಂದು ಮಾತು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ನಾ ಹೆಲ್ಗಾನ ಪುಸ್ತಕದಾಗ ಮಾಡಿದ್ದೂ ಇದನ್ನ!"

"ನಾ ಬೇಕಂತ ಮಾಡಿದ್ದವಾ, ನಿನಗ ಪಾಠ ಆಗ್ಲಿ ಅಂತ," ಎಂದೆ.

"ಹೌದ್ ಹೌದು. ಈಗ ಬೇಕಂತ ಹೊರಗೂ ತಗಿ."

ಅಲ್ಲಿ ತಪ್ಪು ಕೋಣೆಗೆ ತಳ್ಳಿದವರೇ ಹೊರಗೆ ತೆಗೆಯಬೇಕಂತೆ. ಹನ್ನೊಂದು ಕುರಿ. ತಳ್ಳುವುದು ಸುಲಭ, ತೆಗೆಯುವುದು ನಮ್ಮ ವಯಸ್ಸಿನ ಕೆಲಸವಲ್ಲ. ಏಳನೆಯದಕ್ಕೆ ಕೆಸರಿನಲ್ಲಿ ಅಂಗಾತ ಬಿದ್ದೆ, ಅದು ನನ್ನ ಮೇಲೆ ಹಾದು ಹೋಯಿತು. ಮುಗಿದ ಮೇಲೆ ಹಲ್ಲಾ ಕುರಿಮಾಂಸದ ಬಿಸಿ ಸಾರು ಕೊಟ್ಟಳು. ಖಾರ ಇಲ್ಲವೇ ಇಲ್ಲ. ಯಲ್ಲವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಕಿಸೆಯಿಂದ ತೆಗೆದು ಬೆರೆಸಿಕೊಂಡೆ. ಹಲ್ಲಾ ತಾನೂ ಬಟ್ಟಲು ಚಾಚಿದಳು. ಒಂದು ಗುಟುಕು ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಮತ್ತೆ ಚಾಚಿದಳು.

ಹದಿಮೂರನೆಯ ದಿನ, ಕೊನೆಯ ತರಗತಿ

ಶೋಭಾ ಕೊನೆಯ ಮೂರು ದಿನ ಊರು ನೋಡಲು ಬರಲಿಲ್ಲ. ಜ್ವಾಲಾಮುಖಿ, ಜಲಪಾತ ಎಲ್ಲ ನಾನೊಬ್ಬನೇ ನೋಡಿದೆ. ನಮ್ಮ ಗೋಕಾಕದ್ದು ಇದಕ್ಕಿಂತ ಜೋರು ಎಂದು ಸಿಕ್ಕವರಿಗೆಲ್ಲ ಹೇಳಿದೆ. ಅವಳು ಅಡುಗೆಮನೆಯಲ್ಲಿ ಕೂತು ಹೊಸ ಪಠ್ಯ ಬರೆಯುತ್ತಿದ್ದಳು.

ಅದರಲ್ಲಿ ನಿಯಮಗಳು ಮೂರನೇ ತಿಂಗಳಿಗೆ ಬರುತ್ತವೆ. ಮೊದಲ ತಿಂಗಳು ವಿದ್ಯಾರ್ಥಿಗಳು ಗ್ರಂಥಾಲಯದ ಕೌಂಟರಿನಲ್ಲಿ ಕೂತು, ಬಂದವರು ಪುಸ್ತಕವನ್ನು ಏನೆಂದು ಕೇಳುತ್ತಾರೆ ಎನ್ನುವುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. 'ಕೆಂಪ ರಟ್ಟಿಂದು, ಹ್ವಾದ ವರ್ಷ ಇಲ್ಲೇ ಇತ್ತಲ್ಲಾ ಅದು' ಎಂದು ಕೇಳುವವನ ಕೈಯಲ್ಲಿ ಏನಿದೆ? ಎರಡನೇ ತಿಂಗಳು ಬನಹಟ್ಟಿಯ ನೂಲಿನ ಅಂಗಡಿಗೆ. ಅಲ್ಲಿ ನೇಕಾರ ಬಂದು ಒಂದು ಎಳೆ ತೋರಿಸಿದರೆ ಸಾವುಕಾರ ನೂರು ಹಸಿರುಗಳಲ್ಲಿ ಅದೇ ಹಸಿರು ಹೇಗೆ ತೆಗೆಯುತ್ತಾನೆ ನೋಡಬೇಕು. ಅದಾದಮೇಲೆ ಹೆಸರುಗಳು: ನಮ್ಮ ಕಡೆಯ ಅಡ್ಡಹೆಸರು, ಮೈಸೂರು ಕಡೆಯ ಇನಿಷಿಯಲ್ಲು, ಐಸ್‌ಲ್ಯಾಂಡಿನ ಯೋನನ ಮಕ್ಕಳು. ಕಂಪ್ಯೂಟರ್ ಕೊನೆಗೆ.

ಅವಳು ಓದಿ ಮುಗಿಸಿದಾಗ ಸಿಗ್ರುನ್ ಹೇಳಿದ್ದು ಒಂದೇ ಮಾತು: "ಇದನ್ನ ನಾ ಕದೀಲಿ?"

ಮಗಳ ಮುಖ ಆ ಹೊತ್ತು ಹೇಗಿತ್ತು ಎಂದರೆ, ನಾನು ಒಂದು ಕುಚೇಷ್ಟೆಯ ಮಾತನ್ನೂ ಆಡಲಿಲ್ಲ. ಪ್ರವಾಸದಲ್ಲಿ ಅದೊಂದೇ ಸಲ.

ಮತ್ತೆ ಜಮಖಂಡಿ, 'ಮನಸಿಗೆ ಬಂದ್ರ ಇಡೂಣು'

ಅಕ್ಟೋಬರಿನ ಸಭೆಗೆ ಶೋಭಾ ನನ್ನನ್ನು ಕರೆದುಕೊಂಡು ಹೋದದ್ದು ಹಮಾಲನಾಗಿ. ಹಳೆಯ ಕಾರ್ಡಿನ ಡ್ರಾಯರು ಹೊರಲು. "ಬಾಯಿ ತಗೀಬ್ಯಾಡ," ಎಂದು ಬಾಗಿಲಲ್ಲಿ ಮೂರು ಸಲ ಹೇಳಿದಳು.

ಐದು ಜನರ ಸಮಿತಿ ಪಠ್ಯವನ್ನು ತಿರುವಿತು. ಮೆಣಸಿನಕಾಯಿ ಸರ್ ಕನ್ನಡಕ ಮೇಲೇರಿಸಿದರು. "ಬರದದ್ದೇನ ಛಲೋ ಐತಿ. ಆದ್ರ ನನ್ನ ಪ್ರಶ್ನೆ ಅದಽ. ಹೆಸರ ಬಡದ್ರ ಬರ್ತೈತಲ್ಲ?"

"ಹಂಗಾದ್ರ ಬಡೀರಿ ಸರ್. ನಮ್ಮ ಗ್ರಂಥಾಲಯದ ಕಂಪ್ಯೂಟರಿನ್ಯಾಗ ನಿಮಗ ಬೇಕಾದ ಪುಸ್ತಕ ಹುಡುಕ್ರಿ."

ಕವಿಗಳು ಯಾವ ಪುಸ್ತಕ ಹುಡುಕುತ್ತಾರೆ? ತಮ್ಮದೇ. ಲೇಖಕರ ಜಾಗದಲ್ಲಿ ಅವರು ತಮ್ಮ ಹೆಸರು ಹೊಡೆದರು. ಆಗಲೇ ನಾನು ಹೊತ್ತು ತಂದ ಡ್ರಾಯರನ್ನು ಮೆಲ್ಲಗೆ ಕುರ್ಚಿಯ ಹಿಂದಕ್ಕೆ ಸರಿಸಿದೆ. ಪರದೆ 'ಇಲ್ಲ' ಎಂದಿತು. ಕವಿತೆಗಳಲ್ಲಿ ಹುಡುಕಿದರು, ಇಲ್ಲ. "ನಾನಽ ಒಂದ ಪ್ರತಿ ಕೊಟ್ಟೇನಿ, ಮೂವತ್ತ ವರ್ಷ ಆತು!" ಎಂದರು. "ಈ ಹೆಸರನ್ನ ಯಂತ್ರ ಏನಂತ ತಿಳದೈತೋ ನೋಡೂಣ್ರಿ," ಎಂದು ಶೋಭಾ ಮುಂದೆ ಬಗ್ಗಿ ವಿಷಯದ ಜಾಗದಲ್ಲಿ 'ಮೆಣಸಿನಕಾಯಿ' ಎಂದು ಹೊಡೆದಳು. ಒಂದು ಪುಸ್ತಕ ಬಂತು. ವಿಷಯ: ಕೃಷಿ, ಸಾಂಬಾರ ಬೆಳೆಗಳು.

ಓದುಗರೇ, ಇಲ್ಲಿ ಒಂದು ಮಾತು ಹೇಳಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ತರುಣ ಮೆಣಸಿನಕಾಯಿಯವರು ಒಂದು ದಿನ ಎಲ್ಲರೆದುರು ನನ್ನನ್ನು ಗದರಿದ್ದರು, ಪುಸ್ತಕ ಕೊಡಲು ತಡ ಮಾಡಿದೆ ಎಂದು. ಆ ವಾರವೇ ಅವರ ಮೊದಲ ಕವನ ಸಂಕಲನ ನನ್ನ ಮೇಜಿಗೆ ಬಂತು. ನನ್ನ ಕೈಯಲ್ಲಿ ಪೆನ್ನು ಇತ್ತು, ಅವರ ಹೆಸರನ್ನು ಲೇಖಕರ ಜಾಗ ಬಿಟ್ಟು ವಿಷಯದ ಜಾಗದಲ್ಲಿ ಬರೆದೆ. ಅಷ್ಟೇ. ಮುಂದೆ ಕಂಪ್ಯೂಟರ್ ಬಂದಾಗ ಯಾರೋ ಕಾರ್ಡು ನೋಡಿ ಹಾಗೇ ಹೊಡೆದರು. ಸರ್ ತಮ್ಮ ಹೆಸರು ಹೊಡೆಯುವವರೆಗೆ ನಾನು ಮರೆತೂ ಬಿಟ್ಟಿದ್ದೆ.

ಸಿಪಾಯಿ ಹೋಗಿ ಪುಸ್ತಕ ತಂದ. ಉಳ್ಳಾಗಡ್ಡಿ ಬೇಸಾಯ ಮತ್ತು ಅರಿಷಿಣ ಬೇಸಾಯದ ನಡುವೆ ಇತ್ತಂತೆ. ಸರ್ ಡ್ರಾಯರಿನಿಂದ ಕಾರ್ಡು ತೆಗೆಸಿದರು. ದುಂಡಗಿನ, ಮುದ್ದಾದ ಅಕ್ಷರ.

"ಈ ಅಕ್ಷರ ಯಾರವು?"

ಆಗ ನನ್ನ ಜೊತೆ ಕೆಲಸಕ್ಕಿದ್ದ ಗುಮಾಸ್ತ ತೀರಿಕೊಂಡು ವರ್ಷಗಳಾದವು. ಅವನ ಹೆಸರು ಹೇಳಿದರೆ ಎದ್ದು ಬಂದು ಅಲ್ಲ ಅನ್ನುವವನಲ್ಲ. ಶೋಭಾ ಕಾರ್ಡು ನೋಡಿದಳು. ಆ ಅಕ್ಷರ ತಿದ್ದಿಯೇ ಅವಳು ಅಕ್ಷರ ಕಲಿತದ್ದು. ನನ್ನ ಕಡೆ ತಿರುಗಲಿಲ್ಲ. ಮೇಜಿನ ಮೇಲಿನ ತನ್ನ ಪಠ್ಯದ ಹಾಳೆಗಳನ್ನು ಸುಮ್ಮನೆ ಜೋಡಿಸತೊಡಗಿದಳು, ಎತ್ತಿಕೊಂಡು ಹೊರಡುವವಳ ಹಾಗೆ.

ನಾನು ಎದ್ದು ನಿಂತೆ. "ನನ್ನವು ರೀ ಸರ್. ಬೇಕಂತ ಮಾಡಿದ್ದು. ಅಕೀಗೇನೂ ಗೊತ್ತಿಲ್ಲ. ಶಿಕ್ಷಾ ಕೊಡೂದಿದ್ರ ನನಗ ಕೊಡ್ರಿ, ವಿಷಯಕ್ಕ ಬ್ಯಾಡ."

ಸರ್ ಮುಖ ಹೆಸರಿನ ಬಣ್ಣಕ್ಕೆ ತಿರುಗಿತು. ಪುಸ್ತಕ ತೆರೆದರು. ಹಿಂದಿನ ಚೀಟಿಯಲ್ಲಿ ಒಂದೇ ಒಂದು ಸಲ ಎರವಲು ಹೋದ ಮುದ್ರೆ. ಎರಡನೇ ಕವಿತೆಯ ಅಂಚಿನಲ್ಲಿ ಯಾವನೋ ರೈತ ಪೆನ್ಸಿಲಿನಿಂದ ಬರೆದಿದ್ದ. ಸರ್ ಅದನ್ನು ಗಟ್ಟಿಯಾಗಿ ಓದಿದರು:

"'ಎಲ್ಲಾ ಓದಿದೆ. ಗೊಬ್ಬರ ಎಷ್ಟು ಹಾಕಬೇಕು ಎಲ್ಲಿಯೂ ಬರೆದಿಲ್ಲ.'"

ಮೊದಲು ಅವರ ಹೊಟ್ಟೆ ಅಲುಗಿತು, ನಂತರ ಹೆಗಲು, ನಂತರ ಮೇಜು. ಕಣ್ಣೊರೆಸಿಕೊಂಡು ಹೇಳಿದರು: "ನನ್ನ ಪುಸ್ತಕಾನ ಮೊದಲಿಂದ ಕೊನೀತನಕ ಓದಿದಾಂವ ಇಂವ ಒಬ್ಬಾನ ಇರಬೇಕು." ಆಮೇಲೆ ಪರದೆಯ ಕಡೆ ಬೆರಳು ತೋರಿಸಿದರು. "ಕುರಿಯವರು ಸುಳ್ಳ ಬರದ್ರು, ಅದು ಒಂದ ದಿನದ್ದು. ಈ ಯಂತ್ರ ಅದನ್ನ ಇಷ್ಟ ವರ್ಷ ದಿನಾ ಹೇಳಕೋಂತ ಬಂದೈತಿ. ಖರೆ ಏನು ಅಂತ ಒಮ್ಮೆರೆ ಕೇಳಿಲ್ಲ."

"ಅದನ್ನ ಕೇಳಾವ್ರನ್ನ ತಯಾರ ಮಾಡೂದಽ ಈ ವಿಷಯ ಸರ್," ಎಂದಳು ಶೋಭಾ.

ಅವರು ಪೆನ್ನು ತೆಗೆದು ಪಠ್ಯದ ಮೊದಲ ಹಾಳೆಯ ಮೇಲೆ ರುಜು ಮಾಡಿದರು. ಎರಡು ವರ್ಷದ ಮಟ್ಟಿಗೆ. ಆಮೇಲೆ ಮತ್ತೆ ನೋಡೋಣ ಎಂದು. ಶೋಭಾ ಆ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಬಾಗಿಲು ದಾಟುವಾಗ ಸರ್ ನನ್ನನ್ನು ತಡೆದರು. "ಕುರಿಯವರ, ಖರೆ ಹೇಳ್ರಿ. ಇಂಥಾವು ಈ ಗ್ರಂಥಾಲಯದಾಗ ಇನ್ನ ಎಷ್ಟ ಅದಾವ?"

"ಹೇಳಾಂಗಿಲ್ರೀ ಸರ್," ಎಂದೆ. "ಹೇಳಿದ್ರ, ಅವನ್ನ ಹುಡುಕೂ ಹುಡುಗರ ಪ್ರ್ಯಾಕ್ಟಿಕಲ್ ಪರೀಕ್ಷಾದ ಪ್ರಶ್ನೆಪತ್ರಿಕೆ ಲೀಕ್ ಆಗತೈತಿ."